ಅಮ್ಮನ ಹನ್ನೊಂದು ಸಹಿ

ಹೆಡ್ ಕ್ಲರ್ಕ್ ಸಾಹೇಬರಿಗೆ ಒಂದೇ ನಂಬಿಕೆ: ಸಹಿ ಬಿತ್ತು ಅಂದರೆ ಕೆಲಸ ಮುಗೀತು, ಆಮೇಲೆ ಬ್ರಹ್ಮ ಬಂದರೂ ತಿದ್ದುವಂತಿಲ್ಲ. ಅಂಥವರ ಮನೆಯಲ್ಲೇ ಒಂದು ಅರ್ಜಿ ತುಂಬುವ ಪ್ರಸಂಗ ಬಂತು ನೋಡಿ.

ಅವರ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಅತ್ತೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಕೆಲಸ ಬಿಟ್ಟು ಆರು ವರ್ಷ. ಈಗ, ಹೀಗೆ ಮನೆಯಲ್ಲೇ ಉಳಿದವರನ್ನು ಮತ್ತೆ ಕೆಲಸಕ್ಕೆ ತಯಾರು ಮಾಡುವ ತರಬೇತಿಯಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ತರಗತಿಯ ಎರಡನೇ ದಿನ ಅರ್ಜಿ ಕೊಡಬೇಕು. ತಪ್ಪಿದರೆ ಸೀಟು ಬೇರೆಯವರ ಪಾಲು.

ತಮ್ಮ ಅಕ್ಷರ ಮುದ್ದಾಗಿದೆ ಎಂದು ಸಾಹೇಬರೇ ತುಂಬಿದರು. 'ಕಳೆದ ಆರು ವರ್ಷಗಳ ಅನುಭವ' ಎಂಬಲ್ಲಿ ದುಂಡಗೆ ಒಂದು ಸೊನ್ನೆ. 'ನೀವಿಲ್ಲದಾಗ ರೋಗಿಯನ್ನು ನೋಡಿಕೊಳ್ಳುವವರು ಯಾರು' ಎಂಬ ಕೊನೆಯ ಕಾಲಂ ಮಾತ್ರ ರೋಗಿಯೇ, ಅಂದರೆ ಸಾಹೇಬರ ಅಮ್ಮನೇ, ಬರೆದು ಸಹಿ ಮಾಡಬೇಕಿತ್ತು.

"ಸೊನ್ನೆನಾ?" ಹೆಂಡತಿಯ ಮುಖ ಸಪ್ಪಗಾಯಿತು.

"ಮತ್ತಿನ್ನೇನು? ಮನೇಲೇ ಇದ್ದೆ ತಾನೆ? ಅಮ್ಮನ್ನ ನೋಡ್ಕೊಳ್ಳೋದು ಯಾವ ಮಹಾ ಕೆಲಸ! ನಾಳೆ ರಜಾ ಹಾಕಿ ತೋರಿಸ್ತೀನಿ."

ಮರುದಿನ ಅವಳು ತರಗತಿಗೆ ಹೊರಟದ್ದೇ ತಡ, ಸಾಹೇಬರು ಗೆರೆ ಹೊಡೆದು ರಿಜಿಸ್ಟರ್ ಸಿದ್ಧಪಡಿಸಿದರು. ಮಾತ್ರೆ, ಊಟ, ಮಗ್ಗುಲು ಬದಲಿಸುವುದು, ಕೈ ವ್ಯಾಯಾಮ ಎಂದು ಹನ್ನೊಂದು ಬಾಬತ್ತು. ಪ್ರತಿಯೊಂದಕ್ಕೂ ಅಮ್ಮನ ಸಹಿ ಬೇಕು.

"ಪದೇ ಪದೇ ಯಾಕೋ? ಒಟ್ಟಿಗೇ ಹಾಕಿಬಿಡ್ತೀನಿ ಕೊಡು," ಎಂದರು ಅಮ್ಮ, ಬಲು ಸಾಧುವಾಗಿ.

(ಆಫೀಸಿನಲ್ಲೂ ಶನಿವಾರದ ಹಾಜರಿ ಸಹಿ ಆ ವಾರದ ಸೋಮವಾರವೇ ಮುಂಗಡವಾಗಿ ಬೀಳುತ್ತಿದ್ದುದರಿಂದ ಸಾಹೇಬರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ.) ಎಡಗೈಯಲ್ಲಿ ಹನ್ನೊಂದು ಸಹಿ ಬಿದ್ದವು. ಒಂಬತ್ತು ಗಂಟೆಗೇ ದಿನದ ಸಕಲ ಕಾರ್ಯಭಾರ ಸಂಪನ್ನ! ಸಾಹೇಬರು ಮುಖದ ಮೇಲೆ ಪೇಪರ್ ಹಾಕಿಕೊಂಡು ಸೋಫಾದಲ್ಲಿ ಒರಗಿದರು.

ಸಂಜೆ ಹೆಂಡತಿ ಬಂದು ನೋಡಿದರೆ ಮಾತ್ರೆ ಡಬ್ಬಿಯೂ ಹಾಗೇ, ಊಟದ ಪಾತ್ರೆಯೂ ಹಾಗೇ.

"ರೀ, ಏನ್ರೀ ಇದು? ಅತ್ತೆಗೆ ಊಟ?"

"ಆಗಿದೆಯಲ್ಲ! ನೋಡು, ಸಹಿ ಇದೆ."

"ಹೌದಮ್ಮಾ, ಸಹಿಯಲ್ಲೇ ಹೊಟ್ಟೆ ತುಂಬ್ತು," ಎಂದರು ಅಮ್ಮ. "ದಿಂಬಿನಡಿ ನೀನಿಟ್ಟ ಬಿಸ್ಕತ್ ಇಲ್ದಿದ್ರೆ ಇವನ ಆಡಳಿತದಲ್ಲಿ ನನ್ನ ಕಥೆ ಮುಗೀತಿತ್ತು."

"ಕರೀಬಾರದಿತ್ತೇನಮ್ಮಾ?"

"ನಾಲ್ಕು ಸಲ ಕರೆದೆ ಕಣೋ. ನಾಲ್ಕು ಸಲವೂ ಗೊರಕೇಲೇ ಉತ್ತರ ಕೊಟ್ಟೆ."

ಹೆಗಲ ಚೀಲವನ್ನೂ ಇಳಿಸದೆ ಅವಳು ಮಾತ್ರೆ ಕೊಟ್ಟಳು, ಮಗ್ಗುಲು ಬದಲಿಸಿದಳು, ಊಟ ಬಿಸಿ ಮಾಡಿ ತುತ್ತು ತಿನ್ನಿಸಿದಳು. ನೋಡುತ್ತ ನಿಂತ ಸಾಹೇಬರಿಗೆ ನಿಜಕ್ಕೂ ನಾಚಿಕೆಯಾಯಿತು.

"ಆ ಅರ್ಜಿ ತಾರಮ್ಮ," ಎಂದರು ಅಮ್ಮ.

ಸೊನ್ನೆಯನ್ನು ಹೊಡೆದುಹಾಕಿ, ಸೊಟ್ಟ ಅಕ್ಷರದಲ್ಲಿ 'ಆರು ವರ್ಷ, ಒಂದು ದಿನವೂ ರಜಾ ಇಲ್ಲ' ಎಂದು ಬರೆದರು. ಕೊನೆಯ ಕಾಲಂನಲ್ಲಿ: 'ನೋಡಿಕೊಳ್ಳುವವನು: ಮಗ. ಅನುಭವ: ಸೊನ್ನೆ. ಸೊಸೆಯ ಹತ್ತಿರ ದಿನಾ ಒಂದು ಗಂಟೆ ಪಾಠ ಹೇಳಿಸಿಕೊಳ್ಳುತ್ತಾನೆ.' ಕೆಳಗೆ ಹನ್ನೆರಡನೇ ಸಹಿ.

"ಅಮ್ಮಾ, ಆ ಕೊನೇ ಸಾಲು ಒಂಚೂರು ತಿದ್ದಿ..." ಸಾಹೇಬರು ಪೆನ್ನಿಗೆ ಕೈಚಾಚಿದರು.

ಹೆಂಡತಿ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿದಳು.

"ಸಹಿ ಬಿತ್ತಲ್ರೀ!"