ಗಂಟಲೊಳಗಿನ ಬಡ ಕುಟುಂಬ

ಸೂಕ್ಷ್ಮಜೀವಿಶಾಸ್ತ್ರ ಕಲಿಸುವವನ ಮಾನ ಆಗಾಗ ಹೋಗುತ್ತಲೇ ಇರುತ್ತದೆ. ನನ್ನದು ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ, ಮೂರೂ ಊರುಗಳಲ್ಲಿ ಹೋಗಿದೆ.

ಕೈಗೆ ಮೊಬೈಲು ಹೊಸದಾಗಿ ಬಂದಿದ್ದ ಕಾಲ. ಹಾವೇರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತ ಪಿಎಚ್.ಡಿ.ಗೆ ಒದ್ದಾಡುತ್ತಿದ್ದೆ. ನಮ್ಮ ಗಂಟಲಿನ ಒಳಮೈಗೆ ಸಕ್ಕರೆಯದೊಂದು ಹೊದಿಕೆ ಇರುತ್ತದೆ. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ತನ್ನ ಮೈಮೇಲಿನ ಕಿಣ್ವದಿಂದ ಆ ಸಕ್ಕರೆಯ ತುದಿ ಕತ್ತರಿಸಿ ತಿಂದು, ಅಲ್ಲೇ ಅಂಟಿಕೊಂಡು ಕೂರುತ್ತದೆ. ಆ ಕಿಣ್ವ ಜೋರಾಗಿರುವ ತಳಿಯೊಂದು ನನಗೆ ಬೇಕಿತ್ತು. ಈ ಸುಗ್ಗಿಯೊಳಗೆ ಸಿಗದಿದ್ದರೆ ವಿಷಯವನ್ನೇ ಬಿಟ್ಟುಬಿಡು ಎಂದು ಗೈಡ್ ಹೇಳಿಬಿಟ್ಟಿದ್ದರು.

ಫ್ಲಾಸ್ಕು

ಈ ಬ್ಯಾಕ್ಟೀರಿಯಾ ಬೆಳೆಸಲು ಕುರಿಯ ರಕ್ತ ಬೇಕು. ರಾಣೆಬೆನ್ನೂರಿನ ಮಟನ್ ಅಂಗಡಿಯಿಂದ ರಕ್ತವನ್ನು ಚಹಾದ ಫ್ಲಾಸ್ಕಿನಲ್ಲಿ ತುಂಬಿಕೊಂಡು ಹಾವೇರಿ ಬಸ್ ಹತ್ತಿದೆ. ಪಕ್ಕದಲ್ಲಿ ಕುಳಿತಿದ್ದ ಅಜ್ಜಿಗೆ ಕೆಮ್ಮು ಹತ್ತಿತು. ಒಂದು ಗುಟುಕು ಚಹಾ ಕೊಡಪ್ಪಾ ಎಂದಳು. ಇದು ಚಹಾ ಅಲ್ಲ ಎಂದೆ. ಯಾರೂ ನಂಬಲಿಲ್ಲ. ಹಿಂದಿನ ಸೀಟಿನವರು ನನ್ನ ಜಿಪುಣತನದ ಬಗ್ಗೆ ಮಾತಾಡಿಕೊಳ್ಳತೊಡಗಿದರು. ಕಂಡಕ್ಟರ್ ಕೂಡ ಬಂದು, ವಯಸ್ಸಾದವರಿಗೆ ಇಲ್ಲ ಅನ್ನಬಾರದು ಎಂದ. ನಾಚಿಕೆ ತಡೆಯಲಾರದೆ ಮುಚ್ಚಳ ತೆಗೆದು ತೋರಿಸಿದೆ.

ಅಜ್ಜಿ ಬಗ್ಗಿ ನೋಡಿದಳು. ಮೆಲ್ಲಗೆ ಸರಿದು ಕುಳಿತಳು.

“ನೀವ ಕುಡೀರಿ ಯಪ್ಪಾ. ನಾ ಹಾವೇರ್ಯಾಗ ಕುಡೀತೇನಿ.”

ಬ್ಯಾಡಗಿಯ ಘಾಟು

ಬ್ಯಾಡಗಿಯಲ್ಲಿ ನಮ್ಮ ಮಾವನವರದು ಮೆಣಸಿನಕಾಯಿ ವ್ಯಾಪಾರ. ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ದಿನವಿಡೀ ಕೆಮ್ಮುತ್ತಿದ್ದರು. ಅವರ ಗಂಟಲಲ್ಲಿ ನನ್ನ ತಳಿ ಸಿಕ್ಕೇ ಸಿಗುತ್ತದೆಂದು ಹತ್ತಿ ಸುತ್ತಿದ ಕಡ್ಡಿಗಳನ್ನು ಹಿಡಿದು ಹೋದೆ. ಮೊದಲು ಒಂದು ಭಾಷಣ: ಕೆಮ್ಮುವಾಗ ಬಾಯಿಗೆ ಸೆರಗು ಹಿಡಿಯಿರಿ, ಎಲ್ಲೆಂದರಲ್ಲಿ ಉಗುಳಬೇಡಿ. ನೀವು ತೊಟ್ಟು ಬಿಡಿಸಿದ ಹಾಗೆಯೇ ಈ ಬ್ಯಾಕ್ಟೀರಿಯಾ ಸಕ್ಕರೆಯ ತುದಿ ಬಿಡಿಸುತ್ತದೆ ಎಂದೂ ವಿವರಿಸಿದೆ.

ಹಿರಿಯಳೊಬ್ಬಳು ಕೇಳಿದಳು, “ಬಿಡಿಸಿದ್ದ ತೊಟ್ಟು ಏನ ಮಾಡ್ತೈತ್ರಿ ಅದು?”

ತಿನ್ನುತ್ತದೆ ಎಂದೆ.

“ತೊಟ್ಟು ತಿಂತೈತೇನ್ರಿ? ಪಾಪ, ಬಾಳ ಬಡ ಕುಟುಂಬ ಬಿಡ್ರಿ ಅದು.”

ಎಲ್ಲರೂ ನಕ್ಕರು. ಅವಳು ಬಾಯಿ ತೆರೆದಳು, ನಾನು ಕಡ್ಡಿ ಎತ್ತಿದೆ. ಅಷ್ಟರಲ್ಲಿ ಘಾಟು ನೆತ್ತಿಗೇರಿ ಸೀನು ಬಂತು, ನೇರ ಅವಳ ಮುಖದ ಮೇಲೆ. ಅವಳು ಮುಖ ಒರೆಸಿಕೊಂಡು ತನ್ನ ಸೆರಗಿನ ತುದಿಯನ್ನು ನನ್ನ ಬಾಯಿಯ ಹತ್ತಿರ ಹಿಡಿದಳು.

ನೀಲಿ ಬೆಳಕು

ತಳಿಗಳೆಲ್ಲ ಬೆಳೆದ ಮೇಲೆ ಗೈಡ್ ಹಾವೇರಿಗೆ ಬಂದರು. ತಮ್ಮ ಕೆಲಸದವರಿಗೆ ಏನಾಗಿದೆಯೋ ಎಂಬ ಚಿಂತೆಯಲ್ಲಿ ಮಾವನವರೂ ಬಂದರು. ಕಿಣ್ವ ಸಕ್ಕರೆ ಕತ್ತರಿಸಿದರೆ ವಿಶೇಷ ದೀಪದ ಕೆಳಗೆ ನಳಿಕೆ ನೀಲಿಯಾಗಿ ಹೊಳೆಯುತ್ತದೆ. ಕಿಟಕಿ ಮುಚ್ಚಿ ದೀಪ ಹಾಕಿದೆ. ಬ್ಯಾಡಗಿಯ ನಳಿಕೆಗಳೆಲ್ಲ ಕಪ್ಪು. ನನ್ನ ಪಿಎಚ್.ಡಿ. ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಕೊನೆಯದೊಂದು ಝಗ್ಗನೆ ಹೊಳೆಯಿತು.

ಗೈಡ್ ಕುಣಿಯುವುದೊಂದು ಬಾಕಿ. ಯಾರ ಗಂಟಲಪ್ಪಾ ಇದು, ಇದರ ಮೇಲೆಯೇ ಪಿಎಚ್.ಡಿ. ಆಗುತ್ತದೆ ಎಂದರು. ನಳಿಕೆಯ ಮೇಲಿನ ಚೀಟಿ ನೋಡಿದೆ. ಆರೋಗ್ಯವಂತರ ಗಂಟಲು ಹೇಗಿರುತ್ತದೆಂದು ಹೋಲಿಸಿ ನೋಡಲು ಇಟ್ಟ ನಳಿಕೆ ಅದು. ಕೆಲವರಲ್ಲಿ ಈ ಬ್ಯಾಕ್ಟೀರಿಯಾ ರೋಗ ತರದೆ ಸುಮ್ಮನೆ ವಾಸವಾಗಿರುತ್ತದೆ.

“ನಂದೇ ಸರ್” ಎಂದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮಾವನವರ ಮುಖ ಮಾತ್ರ ಅರಳಿತು. ಮರುದಿನ ನನ್ನನ್ನು ಅಂಗಡಿಗೇ ಕರೆದುಕೊಂಡು ಹೋಗಿ, ಹೆಣ್ಣುಮಕ್ಕಳೆಲ್ಲರ ಎದುರು ನಿಲ್ಲಿಸಿ ಸಾರಿದರು:

“ಯಾರೂ ಅಂಜಬ್ಯಾಡ್ರಿ. ನಿಮ್ಮ ಗಂಟಲಾ ಎಲ್ಲಾ ಛಲೋ ಅದಾವ. ಆ ಹುಳ ಇದ್ದದ್ದು ನಮ್ಮ ಅಳಿಯಾರ ಗಂಟಲದಾಗ.”

ನಾನು ತಲೆ ಎತ್ತಲಿಲ್ಲ. ನಾನು ಸೀನಿದ್ದ ಆ ಹಿರಿಯಳು ತೊಟ್ಟು ಬಿಡಿಸುವುದನ್ನು ನಿಲ್ಲಿಸಿ ಕನಿಕರದಿಂದ ಕೇಳಿದಳು:

“ಹೌದನ್ರಿ ಸರ? ಆ ಬಡ ಕುಟುಂಬಕ್ಕ ಮನಿ ಕೊಟ್ಟಾವ್ರು ನೀವಽ ಏನ್ರಿ?”