ತಿಂಗಳಾ ಬ್ಯಾಡ್ರಿ ಮಾವಾರ, ಒಮ್ಮೆಲೆ ಕೊಡ್ರಿ

ನೀವ ಹೇಳ್ರಿ, ವಾರಕ್ಕೊಮ್ಮೆ ಐತವಾರ ಮಧ್ಯಾಹ್ನ ಒಬ್ಬ ಮನಷ್ಯಾ ಉಂಡು ಕಣ್ಣು ಮುಚ್ಚಿ ಮಕ್ಕೊಂಡ್ರ ಅದು ತಪ್ಪೇನ್ರಿ? ಉಳಿದ ದಿನ ನಾನು ಕೊಪ್ಪಳದ ಒಂದು ಸರ್ಕಾರಿ ಕಚೇರಿಯೊಳಗ ಬಿಲ್ಲು ಬರಿಯೋ ಗುಮಾಸ್ತ. ಅಲ್ಲಿ ನಿದ್ದಿ ಮಾಡಾಕ ಬರಂಗಿಲ್ಲ (ಮಾಡೋರು ಅದಾರ, ಆದ್ರ ಅವರಿಗೆ ಸೀನಿಯಾರಿಟಿ ಐತಿ). ಹಿಂಗಾಗಿ ಐತವಾರದ ನಿದ್ದಿ ಅಂದ್ರ ನನಗ ಸಂವಿಧಾನದತ್ತ ಹಕ್ಕು ಇದ್ದಂಗ. ಆ ಹಕ್ಕಿನ ಮ್ಯಾಲೆ ಮರಳಿಯಿಂದ ಒಂದು ಅಕ್ಕಿ ಚೀಲ ಬಂದು ಧಪ್ಪಂತ ಬಿತ್ತು ನೋಡ್ರಿ.

ಮರಳಿ ಅಂದ್ರ ನನ್ನ ಹೆಂಡತಿ ಹೇಮಾನ ತವರೂರು. ಗಂಗಾವತಿ ಹತ್ರ, ಕಾಲುವಿ ನೀರಿನ ಊರು. ನಮ್ಮ ಮಾವ ಹುಸೇನಪ್ಪನವರು ಅಲ್ಲಿ ನೆಲ್ಲು ಬೆಳೀತಾರ. ನಾನು ಯಲಬುರ್ಗಾ ಕಡೆಯವ, ಜ್ವಾಳದ ರೊಟ್ಟಿ ಕಟಕಟ ಕಡಿದು ಬೆಳೆದ ದೇಹ. ಕನ್ಯಾ ನೋಡಾಕ ಹೋದಾಗ ಮಾವಾರು ನನ್ನ ನೌಕರಿ ಕೇಳ್ಲಿಲ್ಲ, ಪಗಾರ ಕೇಳ್ಲಿಲ್ಲ. "ಅನ್ನ ಉಣ್ತೀರಿಲ್ರಿ?" ಅಂತ ಕೇಳಿದ್ರು. "ಹಬ್ಬಕ್ಕ ಉಣ್ತೀವ್ರಿ" ಅಂದೆ. ಅವರ ಮಾರಿ ಸಣ್ಣದಾತು. ರೊಟ್ಟಿ ತಿನ್ನೋ ಮನಿಗೆ ಮಗಳನ್ನ ಕೊಡೋದು ಅಂದ್ರ ಅವರ ಲೆಕ್ಕದಾಗ ವನವಾಸಕ್ಕ ಕಳಿಸಿದಂಗ. ಕೊಟ್ರು ಖರೆ, ಆದ್ರ ಮದವ್ಯಾಗ ಅಕ್ಕಿಕಾಳು ಬಿದ್ದ ದಿನಾನ ಎಲ್ಲಾರ ಮುಂದ ಒಂದು ಮಾತು ಕೊಟ್ರು: ಈ ಮಗಳಿಗೆ ಹುಟ್ಟೋ ಒಂದೊಂದು ಕೂಸಿಗೂ ವರ್ಷಾ ವರ್ಷಾ ತಮ್ಮ ಗದ್ದಿ ಅಕ್ಕಿ ಒಂದು ಪಾಲು. ಕೂಸು ತನ್ನ ಕಾಲ ಮ್ಯಾಲೆ ತಾ ನಿಲ್ಲೋತನ.

ಈಗ ನಮಗ ಎರಡು ಪಾಲು. ದೊಡ್ಡಾಕಿ ಮೇಘಾ ಸಾಲಿಗೆ ಹೋಗ್ತಾಳ, ಸಣ್ಣಾಂವ ನಾಗೇಶ ಸಾಲಿಗೆ ಹೋಗಂಗಿಲ್ಲ ಅಂತ ಹಟ ಮಾಡ್ತಾನ. ಇಷ್ಟು ವರ್ಷ ಅಕ್ಕಿ ಹಂಗ ಬರತಿತ್ತು, ಹೇಮಾ ತವರಿಗೆ ಹೋದಾಗೊಂದಿಷ್ಟು, ಅತ್ತಕಡೆಯಿಂದ ಯಾರರ ಬಂದಾಗೊಂದಿಷ್ಟು. ಯಾರಿಗೂ ತ್ರಾಸಿದ್ದಿಲ್ಲ.

ಈ ಸಲ ಉಗಾದಿಗೆ ಮಾವಾರಿಗೆ ಒಂದು ಹೊಸಾ ಬುದ್ಧಿ ಹೊಳೀತು. ನಮ್ಮತ್ತಿ ಹುಲಿಗವ್ವನ ಖಾತೆಗೆ ಸರ್ಕಾರದ ರೊಕ್ಕ ತಿಂಗಳಾ ಬೀಳೋದನ್ನ ಅವರು ನೋಡ್ಯಾರ. "ಸರ್ಕಾರದವರು ತಿಂಗಳಾ ಕೊಡ್ತಾರ. ನಾನೇನು ಸರ್ಕಾರಕ್ಕಿಂತ ಕಡಿಮಿ ಏನು?" ಅಂತ ಒಂದು ಚೀಲ ಹೊತ್ಕೊಂಡು ಬಂದು ಯೋಜನಾ ಘೋಷಣಾ ಮಾಡಿದ್ರು. ಮೊಮ್ಮಕ್ಕಳ ಪಾಲಿನ ಅರ್ಧ ಅಕ್ಕಿ ತಿಂಗಳಾ ತಿಂಗಳಾ ಮುಂಗಡ. ಉಳಿದರ್ಧ ಸುಗ್ಗ್ಯಾಗ. "ಮುಂಗಡ ಬ್ಯಾಡ ಅನ್ನಂಗಿದ್ರ ಅದನ್ನೂ ಹೇಳ್ರಿ ಅಳಿಯಂದಿರ. ಪೂರ್ತಿ ಪಾಲು ಸುಗ್ಗ್ಯಾಗ ರಾಶಿ ಮ್ಯಾಲಿಂದನ ಕೊಟ್ಟುಬಿಡ್ತೀನಿ. ನಂದೇನು ಒತ್ತಾಯಿಲ್ಲ, ಬರೋ ಅಮಾಸಿ ಒಳಗ ತಿಳಿಸ್ರಿ." (ಭತ್ತದ ಭತ್ಯೆ ಅಂತ ನಾನು ಅದಕ್ಕ ಹೆಸರಿಟ್ಟೆ. ಮನ್ಯಾಗ ಯಾರೂ ನಗಲಿಲ್ಲ.)

ಯೋಜನಾ ಛಲೋ ಐತಿ ಅಂತ ನಿಮಗ ಅನಸಬಹುದು. ನನಗೂ ಮೊದಲ ಹಂಗ ಅನಿಸಿತ್ತು. ಆದ್ರ ಅಕ್ಕಿ ಒಂದ ಬರಂಗಿಲ್ಲಲ್ರಿ, ಅದರ ಕೂಡ ಮಾವಾರೂ ಬರ್ತಾರ. "ಬಸ್ಸಿನ್ಯಾಗ ಹಾಕಿ ಕಳಿಸ್ರಿ, ನಾ ಇಳಿಸ್ಕೊಂತೀನಿ" ಅಂದ್ರ, "ಕೂಸುಗಳನ್ನ ಕಣ್ಣಿಲೆ ನೋಡದ ಕೊಡೋದು ಹೆಂಗ್ರಿ?" ಅಂದ್ರು. ಫಲಾನುಭವಿಗಳ ಖುದ್ದು ತಪಾಸಣಿ ಆಗಬೇಕು. ಇಬ್ಬರನ್ನೂ ಮುಂದ ನಿಲ್ಲಿಸಿ ಗಲ್ಲಾ ಹಿಂಡಿ, ರಟ್ಟಿ ಹಿಡಿದು, "ಇಳದಾವು ಕೂಸು. ರೊಟ್ಟಿ ಜಾಸ್ತಿ ಆಗೈತಿ" ಅಂತ ವರದಿ ಕೊಟ್ರು. ಶನಿವಾರ ಬಂದವರು ಬುಧವಾರದ ತನಕ ಇದ್ರು.

ಆ ಐತವಾರ ನಾನು ಮಂಚದ ಮ್ಯಾಲೆ ಅಡ್ಡಾದೆ. ಫ್ಯಾನ್ ಗಿರಗಿರ ಅಂತಿತ್ತು, ಇನ್ನೇನು ಕಣ್ಣು ಹತ್ತಬೇಕು, ಬಾಗಿಲದಾಗ ದನಿ ಬಂತು.

"ಅಳಿಯಂದಿರ, ಮಕ್ಕೊಂಡೀರೇನ್ರಿ?"

"ಹ್ಞೂಂರಿ."

"ಮಕ್ಕೋರಿ, ಮಕ್ಕೋರಿ. ನಾ ಏನ್ ಎಬ್ಬಸಂಗಿಲ್ಲ. ಅಲ್ಲಾ, ಮಧ್ಯಾಹ್ನದ ಅನ್ನ ಹೆಂಗಿತ್ತು?"

"ಛಲೋ ಇತ್ರಿ."

"ಛಲೋ ಅಂದ್ರ ಹೆಂಗ್ರಿ? ಅಗುಳು ಅಗುಳು ಬಿಡಿಸಿ ಇತ್ತೋ, ಸ್ವಲ್ಪ ಮೆತ್ತಗಿತ್ತೋ?"

ನೀವ ಹೇಳ್ರಿ, ನಿದ್ದಿಗಣ್ಣಾಗ ಅಗುಳಿನ ಸ್ವಭಾವ ಯಾರಿಗಾರ ನೆನಪಿರ್ತೈತೇನು? "ಬಿಡಿಸಿ ಇತ್ರಿ" ಅಂದೆ. ಅವರಿಗೆ ಭಾಳ ಖುಷಿ ಆಗಿ ಮಂಚದ ತುದಿಗೆ ಕುಂತು, ನಾಟಿಯಿಂದ ಹಿಡಿದು ಕಟಾವಿನ ತನಕ ಆ ಅಕ್ಕಿಯ ಜೀವನಚರಿತ್ರೆ ಹೇಳಿದ್ರು. ಬುಧವಾರ ಅವರನ್ನ ಬಸ್ಸು ಹತ್ತಿಸಿ ಬಂದಾಗ ನಾನು ಪ್ರತಿಜ್ಞಾ ಮಾಡಿದೆ. ಪ್ರಾಣ ಹೋದ್ರೂ ಮುಂಗಡ ತಗೊಳ್ಳಂಗಿಲ್ಲ.

ಆದ್ರ ಇದನ್ನ ಹೇಮಾಗ ಹೇಳೋದು ಹೆಂಗ? "ನಿಮ್ಮಪ್ಪ ಬರೋದು ಬ್ಯಾಡ" ಅಂದ್ರ ಅವತ್ತ ನನ್ನ ಊಟಾ ಬಂದ್. ಅದಕ್ಕ ನಾನು ನನ್ನ ಕಚೇರಿ ಜ್ಞಾನಭಂಡಾರ ತೆರೆದೆ.

"ಹೇಮಾ, ಮುಂಗಡ ಅನ್ನೋದು ಭಾಳ ಗಂಡಾಂತರದ ವಸ್ತು. ನಮ್ಮ ಕಚೇರಿಯೊಳಗ ನಾ ದಿನಾ ನೋಡ್ತೀನಿ. ಮುಂಗಡ ತಗೊಂಡವ್ರು ನಕ್ಕೋತ ತಗೊಂತಾರ. ಆಮ್ಯಾಲೆ ಲೆಕ್ಕ ಹೊಂದಲಿಲ್ಲ ಅಂದ್ರ ವಸೂಲಿ! ಪಗಾರದಾಗ ಕಟ್!"

"ನಮ್ಮಪ್ಪ ನಿಮ್ಮ ಪಗಾರದಾಗ ಏನ್ ಕಟ್ ಮಾಡ್ತಾನ?"

"ಅದಲ್ಲ. ನಾಳೆ ಸುಗ್ಗ್ಯಾಗ ನೆಲ್ಲು ಕಮ್ಮಿ ಬಂತು ಅಂತಿಟ್ಕೊ. ನಾವು ಆಗಲೇ ನಮ್ಮ ಪಾಲಿಗಿಂತ ಹೆಚ್ಚು ಉಂಡಿರ್ತೀವಿ. ಹೆಚ್ಚಿಗಿ ಉಂಡಿದ್ದನ್ನ ತಿರುಗಿ ಹೆಂಗ ಕೊಡ್ತಿ? ಉಂಡ ಅನ್ನ ತಿರುಗಿ ಕೊಡಾಕ ಬರ್ತೈತೇನು?"

"ಅಯ್ಯ, ಏನ್ ಹೊಲಸು ಮಾತಾಡ್ತೀರ್ರಿ! ಮೊಮ್ಮಕ್ಕಳು ಉಂಡಿದ್ದನ್ನ ತಿರುಗಿ ಕೇಳೋ ಮನಷ್ಯಾನ ನಮ್ಮಪ್ಪ?"

"ಅವರು ಕೇಳಂಗಿಲ್ಲ. ನನಗ ಸ್ವಾಭಿಮಾನ ಐತಿ, ನಾನ ಕೊಡಬೇಕಾಕೈತಿ."

"ಸ್ವಾಭಿಮಾನ!" ಹೇಮಾ ಲಟ್ಟಣಿಗಿ ಕೆಳಗಿಟ್ಟಳು. "ಹೋದ ದೀಪಾವಳಿಗೆ ನಮ್ಮಪ್ಪ ತಂದ ಧೋತರ ಅಂಗಿ ಹಾಕ್ಕೊಂಡು ಓಣಿ ತುಂಬ ತಿರುಗಿದ್ರಿ. ಅವತ್ತು ಅದು ಎಲ್ಲಿ ಹೋಗಿತ್ತು?"

ಈ ದಾರಿ ನಡಿಯಂಗಿಲ್ಲ ಅಂತ ಗೊತ್ತಾತು. ಮರುದಿನ ಕಚೇರಿಯೊಳಗ ಗೆಳೆಯ ಆಸೀಫನ ಮುಂದ ನನ್ನ ಗೋಳು ತೋಡಿಕೊಂಡೆ. ಆಸೀಫ ಚಾ ಕುಡಕೋತ, "ಯಾರ್, ಸೀದಾ ಹೇಳಬ್ಯಾಡ. ವಯಸ್ಸಾದವರಿಗೆ ತ್ರಾಸು ಅನ್ನು. ಅದಕ್ಕ ಯಾವ ಮಗಳೂ ಇಲ್ಲ ಅನ್ನಂಗಿಲ್ಲ" ಅಂದ. ಇಷ್ಟು ಬುದ್ಧಿ ಇದ್ದಾಂವ ಇನ್ನೂ ಗುಮಾಸ್ತ ಯಾಕ ಅದಾನೋ ಏನೋ.

ಸಂಜಿಮುಂದ ಮನಿಗೆ ಬಂದು ದನಿ ಮೆತ್ತಗ ಮಾಡಿದೆ. "ಹೇಮಾ, ಈ ವಯಸ್ಸಿನ್ಯಾಗ ಮಾವಾರು ಚೀಲಾ ಹೊತ್ಕೊಂಡು ಗಂಗಾವತಿ ಬಸ್‌ಸ್ಟ್ಯಾಂಡಿನ್ಯಾಗ ನಿಂದ್ರೋದು, ಸೀಟಿಲ್ಲದ ಕೊಪ್ಪಳದ ತನಕ ಜೋತಾಡ್ಕೋತ ಬರೋದು, ನನಗ ನೋಡಾಕ ಆಗವಲ್ದು. ನನ್ನ ತಂದಿ ಆಗಿದ್ರ ಬಿಡತಿದ್ನೇನು?"

ಹೇಮಾನ ಕಣ್ಣಾಗ ನೀರು ಬಂತು. "ಇಷ್ಟು ಮನಸಿನ್ಯಾಗ ಇಟ್ಕೊಂಡು ಮ್ಯಾಲೆ ಏನೇನೋ ಮಾತಾಡಿದ್ರಿ ನೋಡ್ರಿ" ಅಂದು ರಾತ್ರಿ ನನಗ ಶೇಂಗಾ ಹೋಳಿಗಿ ಮಾಡಿ ಹಾಕಿದಳು. ನಾಲ್ಕು ತಿಂದೆ. ಒಳಗೊಳಗ ಸ್ವಲ್ಪ ಚುಚ್ಚತಿತ್ತು ಖರೆ, ಆದ್ರ ತುಪ್ಪ ಹಾಕಿದ್ಲಲ್ರಿ, ಇಳದು ಹೋದುವು.

ಅಮಾಸಿ ಹಿಂದಿನ ದಿನ ಫೋನ್ ಹಚ್ಚಿದೆ. "ಮಾವಾರ, ತಿಂಗಳಾ ಬ್ಯಾಡ್ರಿ. ನಿಮಗ್ಯಾಕ ತ್ರಾಸು? ಪೂರ್ತಿ ಪಾಲು ಸುಗ್ಗ್ಯಾಗ ಒಮ್ಮೆಲೆ ಕೊಡ್ರಿ."

ಆ ಕಡೆಯಿಂದ ಮಾವಾರು, "ಒಮ್ಮೆಲೆ?" ಅಂದ್ರು.

"ಹೌದ್ರಿ, ಒಮ್ಮೆಲೆ."

"ವಿಚಾರ ಮಾಡೀರಿಲ್ಲ?"

"ಪೂರ್ತಿ ವಿಚಾರ ಮಾಡೀನ್ರಿ."

"ಆತ್ರಿ ಹಂಗಾರ. ನಿಮ್ಮ ಇಚ್ಛಾ."

ಆಮ್ಯಾಲೆ ನಾ ಕಂಡ ಐತವಾರಗಳನ್ನ ಏನಂತ ವರ್ಣಸಲಿ! ಮುಂಗಾರು ಹೋತು, ಶ್ರಾವಣ ಹೋತು, ದಸರಾ ಹೋತು. ನಾನು ಉಂಡು ಮಕ್ಕೊಂಡೆ, ಎದ್ದು ಚಾ ಕುಡಿದೆ, ತಿರುಗಿ ಮಕ್ಕೊಂಡೆ. ಮಾವಾರು ದಿನಾ ಸಂಜಿಕೆ ಫೋನ್ ಮಾಡಿ ಮೊಮ್ಮಕ್ಕಳ ಕೂಡ ಮಾತಾಡತಿದ್ರು. ಮೇಘಾ "ತಾತಾ, ಯಾವಾಗ ಬರ್ತಿ?" ಅಂದ್ರ, "ಸುಗ್ಗಿ ಆಗಲಿ ಅವ್ವಿ" ಅಂತಿದ್ರು. ನನಗೇನೂ ಸಂಶೇ ಬರಲಿಲ್ಲ. ನಿದ್ದಿ ಹೆಚ್ಚಾದ್ರ ಬುದ್ಧಿ ಮಂದ ಆಕೈತಿ ಅಂತ ಹಿರ್ಯಾರು ಸುಮ್ನ ಅಂದಿಲ್ಲ.

ಡಿಸೆಂಬರಿನ್ಯಾಗ ಒಂದು ಶನಿವಾರ ಓಣ್ಯಾಗ ಟ್ರ್ಯಾಕ್ಟರ್ ಸಪ್ಪಳ ಕೇಳ್ತು. ಹೊರಗ ಬಂದು ನೋಡಿದ್ರ, ಟ್ರಾಲಿ ತುಂಬ ಚೀಲ. ಚೀಲದ ಮ್ಯಾಲೆ ಮಾವಾರು. ಅವರ ಬಾಜೂಕ ಮೊರ, ಜರಡಿ, ತಾಡಪತ್ರಿ ಮತ್ತ ಎರಡು ದೊಡ್ಡ ಗಂಟು ಹಿಡ್ಕೊಂಡು ನಮ್ಮತ್ತಿ ಹುಲಿಗವ್ವ.

"ಇದೇನ್ರಿ ಮಾವಾರ, ಇಷ್ಟು ಅಕ್ಕಿ?"

"ಅಕ್ಕಿ ಎಲ್ಲೈತ್ರಿ? ನೆಲ್ಲು!" ಮಾವಾರು ಟುಣ್ಣಂತ ಇಳಿದ್ರು. "ರಾಶಿ ಮ್ಯಾಲಿಂದನ ಕೊಡ್ತೀನಿ ಅಂದಿದ್ನಲ್ರಿ. ಮೊಮ್ಮಕ್ಕಳ ಪಾಲು ರಾಶಿ ಮ್ಯಾಲಿಂದ ಎತ್ತಿದ್ರ ಅವತ್ತ ಅವರ ಮನಿ ಮುಟ್ಟಬೇಕು. ನಮ್ಮ ಗಿರಣಿಗೆ, ನಮ್ಮ ಕಾಳಿನ ಕ್ವಾಣಿಗೆ ಅದನ್ನ ಒಯ್ಯಂಗಿಲ್ಲ, ನಮ್ಮ ಪದ್ಧತಿ ಅದು. ನಿನ್ನಿ ಮಷೀನ್ ಹಚ್ಚಿ ಕೊಯ್ಸೀನಿ, ಇನ್ನಾ ಹಸಿ ಐತಿ. ನಿಮ್ಮ ಮಾಳಿಗಿ ಮ್ಯಾಲೆ ಒಣಸೋಣು ನಡ್ರಿ."

ನನ್ನ ಹಡದವ್ವನ ಆಣಿ, ನೆಲ್ಲು ಒಣಸೋದು ಅಂದ್ರ ಏನಂತ ನನಗ ಗೊತ್ತಿದ್ದಿಲ್ಲ. ನಮ್ಮ ಕಡೆ ಜ್ವಾಳ ತನ್ನಷ್ಟಕ್ಕ ತಾ ಒಣಗಿರ್ತೈತಿ, ಯಾರಿಗೂ ಕಾಡಂಗಿಲ್ಲ. ನೆಲ್ಲು ಹಂಗಲ್ಲ. ತಾಡಪತ್ರಿ ಹಾಸಬೇಕು, ತೆಳ್ಳಗ ಹರವಬೇಕು, ಬರಿಗಾಲಿಲೆ ಸಾಲ ಹೊಡದಂಗ ಕಾಲು ಎಳಕೋತ ಆ ತುದಿಯಿಂದ ಈ ತುದಿಗೆ ತಿರುಗಾಡಬೇಕು. ಮ್ಯಾಲಿಂದು ಕೆಳಗಾಗಬೇಕು, ಕೆಳಗಿಂದು ಮ್ಯಾಲಾಗಬೇಕು. ಬಿಸಲು ಚುರುಗುಟ್ಟೋ ಹೊತ್ತಿನ್ಯಾಗ ಬಿಡದ ತಿರುಗಬೇಕು. ಅಂದ್ರ ಉಂಡ ಮ್ಯಾಲೆ. ಅಂದ್ರ ಐತವಾರ ಮಧ್ಯಾಹ್ನ.

ನಾನು ಲುಂಗಿ ಎತ್ತಿಕಟ್ಟಿ ಮಾಳಿಗಿ ಮ್ಯಾಲೆ ಶತಪಥ ಹಾಕಿದೆ. ಅಂಗಾಲು ಕಡೀತು, ಮೈ ತುಂಬ ನೆಲ್ಲಿನ ಧೂಳು, ಗುಬ್ಬಿ ಪಾರಿವಾಳ ಹೊಡಿಯಾಕ ಕೈಯಾಗ ಬಾರಕೋಲು. ಕೆಳಗಿಂದ ಹೇಮಾ, "ನಮ್ಮಪ್ಪಗ ತ್ರಾಸು ಆಗಬಾರದು ಅಂತ ಎಲ್ಲಾ ತಾವ ಮಾಡ್ತಾರ ನೋಡ್ರಿ" ಅಂತ ಬಾಜೂ ಮನಿಯವರ ಮುಂದ ಹೆಮ್ಮಿಲೆ ಹೇಳತಿದ್ದಳು. ಮಾವಾರು ನೆಳ್ಳಾಗ ಕುಂತು, "ಆ ಮೂಲ್ಯಾಗ ಉಳೀತ್ರಿ ಅಳಿಯಂದಿರ" ಅಂತಿದ್ರು.

ಒಣಗಿದ ನೆಲ್ಲು ಚೀಲಕ್ಕ ಹೋತು. ಚೀಲ ನನ್ನ ಮಂಚದ ಸುತ್ತ ಗ್ವಾಡಿ ಎದ್ದಂಗ ಎದ್ದುವು. ಇಷ್ಟಾದ್ರೂ ಉಣ್ಣಾಕ ಅಕ್ಕಿ ಅಂಗಡ್ಯಾಗಿಂದ ತಂದೆ. ಯಾಕಂದ್ರ ಹೊಸಾ ಅಕ್ಕಿ ಅನ್ನ ಮುದ್ದಿ ಆಕೈತಂತ, ಕೂಸುಗಳಿಗೆ ಹೊಟ್ಟಿ ನೋಯ್ತೈತಂತ, ಹಳೇದಾಗೋತನ ಮುಟ್ಟಂಗಿಲ್ಲಂತ.

ಸಂಕ್ರಾಂತಿ ಆತು. ಮಾವಾರು ಊರಿನ ಸುದ್ದಿ ಎತ್ತವಲ್ರು. ನಾನ ಧೈರ್ಯ ಮಾಡಿದೆ. "ಮಾವಾರ, ಒಣಗೋದು ಮುಗೀತಲ್ರಿ. ಗದ್ದಿ ಕಡೆ ಎರಡನೇ ಬೆಳಿಗೆ ನಾಟಿ ಸುರು ಆಗಿರಬೇಕು."

"ಊರಾಗ ನನ್ನ ಮಗ ಅದಾನಲ್ರಿ, ನೋಡ್ಕೊಂತಾನ." ನಾಗೇಶನ್ನ ತೊಡಿ ಮ್ಯಾಲೆ ಕುಂದ್ರಿಸಿಕೊಂಡು ಅವರು ಹೇಳಿದ್ರು, "ನಾನು ತಿಂಗಳಾ ಬಂದಿದ್ರ ಮೊಮ್ಮಕ್ಕಳ ಕೂಡ ಸಲಕ್ಕ ನಾಕು ದಿನ ಇರತಿದ್ದೆ. ನೀವು ತಿಂಗಳಾ ಬ್ಯಾಡ, ಒಮ್ಮೆಲೆ ಅಂದ್ರಿ. ಆ ದಿನಾ ಎಲ್ಲಾ ಹಂಗ ಕೂಡಿ ಬಿದ್ದಾವಲ್ರಿ. ಈಗ ಒಮ್ಮೆಲೆ ಇದ್ದು ಹೋಗ್ತೀನಿ." ಆಮ್ಯಾಲೆ ದನಿ ಇಳಿಸಿ, "ಖರೆ ಹೇಳ್ತೀನ್ರಿ, ಈ ವರ್ಷ ಭಾಳ ಬ್ಯಾಸರಾತು. ಈ ಹುಡುಗನ ದನಿ ಫೋನಿನ್ಯಾಗ ಕೇಳಿದ್ರ ರಾತ್ರಿ ಊಟ ಹೋಗತಿದ್ದಿಲ್ಲ" ಅಂದ್ರು.

ನಾನೇನು ಕಲ್ಲಲ್ರಿ. ಒಂದು ಅಕ್ಕಿ ಚೀಲ ಹೊತ್ತು ಬರೋ ನೆವದಾಗ ಆ ಜೀವ ಮೊಮ್ಮಕ್ಕಳ ಮಾರಿ ನೋಡಾಕ ಬರತಿತ್ತು, ನಾನು ನಿದ್ದಿಗೋಸ್ಕರ ಅದಕ್ಕ ಕಲ್ಲು ಹಾಕಿದ್ದೆ. (ತಿಂಗಳಿಗೆ ಒಂದು ಐತವಾರ ಹೋದ್ರೂ ಮೂರು ಉಳಿತಾವು ಅನ್ನೋ ಲೆಕ್ಕಾನೂ ತಲ್ಯಾಗ ಓಡಿತ್ತು. ಸುಳ್ಳ್ಯಾಕ ಹೇಳ್ಲಿ?)

"ಮಾವಾರ, ತಪ್ಪಾತ್ರಿ. ಇನ್ನ ಮುಂದಿನ ಪಾಲು ತಿಂಗಳಾ ಕೊಡ್ರಿ. ಮುಂಗಡ ಇರಲಿ."

ಮಾವಾರ ಮಾರಿ ಅರಳ್ತು. ಎದ್ದು ನನ್ನ ಬೆನ್ನು ಚಪ್ಪರಿಸಿದ್ರು. ಕೂಡಿ ಬಿದ್ದ ದಿನ ಎಲ್ಲಾ ಮುಗಿದ ಮ್ಯಾಲೆ, ಒಂದು ಮುಂಜಾನೆ ಅವರ ಗಂಟು ಬಾಗಿಲ ಮುಂದ ಬಂದುವು. ಅತ್ತಿ ಹೊಸಾ ಸೀರಿ ಉಟ್ಟಿದ್ರು. ಮಕ್ಕಳು ಅಳಾಕ ಹತ್ತಿದ್ವು. ನಾನು ಆಟೋ ಕರಿಯಾಕ ಚಪ್ಪಲಿ ಮೆಟ್ಟಿದೆ. ಎಷ್ಟು ಹಗುರಾಗಿ ನಡೀತಿದ್ದೆ ಅಂತೀರಿ!

"ಅಳಿಯಂದಿರ, ನಿಂದರ್ರಿ," ಮಾವಾರು ಹೊಸ್ತಿಲದಾಗ ನಿಂತು ಕ್ಯಾಲೆಂಡರ್ ನೋಡತಿದ್ರು. "ಇವತ್ತು ಹೊಸಾ ತಿಂಗಳು ಹುಟ್ಟೇತಿ. ಮುಂಗಡ ಅಂದ್ರ ತಿಂಗಳ ಮೊದಲನ ಕೊಡಬೇಕಲ್ರಿ?"

"ಹೌದ್ರಿ, ಆದ್ರ..."

"ಮತ್ತ ಊರಿಗೆ ಹೋಗಿ ಇವತ್ತ ತಿರುಗಿ ಬರೋದ್ಯಾಕ? ಈಕಿಗೇನು ಬಸ್ಸು ಪುಕ್ಕಟ. ನನಗಿಲ್ಲಲ್ರಿ!"

ಅತ್ತಿ ಆಗಲೇ ಗಂಟು ಬಿಚ್ಚಾಕ ಹತ್ತಿದ್ರು. ಹೇಮಾ ನನ್ನ ಕಡೆ ಎಂಥಾ ಪ್ರೀತಿಲೆ ನೋಡಿದಳಂದ್ರ, ಮದವಿ ಆದಾಗಿಂದ ಹಂಗ ನೋಡಿದ್ದಿಲ್ಲ. ಮಾವಾರು ನಾಗೇಶನ್ನ ಎತ್ಕೊಂಡು ಒಳಗ ಹೋಗಿ, ಅಲ್ಲಿಂದ ಕೂಗಿ ಹೇಳಿದ್ರು.

"ಇನ್ನೊಂದು ಮಾತ್ರಿ ಅಳಿಯಂದಿರ. ಹೋದ ಸುಗ್ಗಿ ನೆಲ್ಲು ಹೆಂಗೂ ಛಲೋ ಒಣಗ್ತು. ಒಣಸೋ ಕೆಲಸ ನಿಮಗ ಪೂರ್ತಿ ಬಂದೈತಿ. ಬ್ಯಾಸಗಿ ಬೆಳಿ ಕೊಯ್ದ ಮ್ಯಾಲೆ ನಮ್ಮ ಮನಿ ನೆಲ್ಲೂ ಇಲ್ಲಿಗೇ ತರಸ್ತೀನಿ."