ಚಿಕ್ಕಮ್ಮನಿಗೂ ಟೂಲಿಗೂ ಬಿದ್ದ ಜಗಳ

ಗಣಿತದಲ್ಲಿ ಸೊನ್ನೆ ತೆಗೆದ ಮಕ್ಕಳನ್ನಾದರೂ ನನ್ನ ಚಿಕ್ಕಮ್ಮ ಕ್ಷಮಿಸಿಯಾರು, ಹೇಳಿದ ಮಾತು ಕೇಳದ ಕಂಪ್ಯೂಟರನ್ನು ಮಾತ್ರ ಕ್ಷಮಿಸಲಾರರು. ಅದು ಅವರಿಬ್ಬರ ಜಗಳವಾಗಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಕಂಪ್ಯೂಟರಿನ ಪರವಾಗಿ ಬೈಗುಳ ತಿನ್ನುವವನು ನಾನು! ಪುತ್ತೂರಿನ ಕಚೇರಿಯೊಂದರಲ್ಲಿ ಪ್ರೋಗ್ರಾಂ ಬರೆಯುತ್ತೇನೆ ಎಂಬುದೇ ನನ್ನ ಅಪರಾಧ.

ರಾಮಕುಂಜದಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಉಳಿದವರಂತೆ ಮಲ್ಲಿಗೆ ಗಿಡ ನೆಟ್ಟುಕೊಂಡು ಸುಮ್ಮನಿರಬಾರದಿತ್ತೇ? ಇಲ್ಲ, ವಿಡಿಯೋ ನೋಡಿ ಪ್ರೋಗ್ರಾಮಿಂಗ್ ಕಲಿತರು. ಅರಂತೋಡಿನವರಾದ ಚಿಕ್ಕಪ್ಪನನ್ನು ಮೈಕಿನ ಮುಂದೆ ಕೂರಿಸಿ, ಅವರ ಊರಿನ ಮಾತಾದ ಅರೆಭಾಷೆಯ ಶಬ್ದಗಳನ್ನು ಹೇಳಿಸಿ, ಒಂದು ನಿಘಂಟು ಕಟ್ಟಿದರು. ಶಬ್ದ ಟೈಪ್ ಮಾಡಿದರೆ ಕನ್ನಡದ ಅರ್ಥ ಬರುತ್ತದೆ. ಗುಂಡಿ ಒತ್ತಿದರೆ ಉಚ್ಚಾರ ಕೇಳುತ್ತದೆ.

ಈಗ ಅದನ್ನು ಸುಳ್ಯದ ಕಾಲೇಜೊಂದರ ವಿದ್ಯಾರ್ಥಿಗಳು ಮುಂದುವರಿಸುತ್ತಾರಂತೆ. ಒಂದೇ ಶರತ್ತು: ಪ್ರತಿ ಫಂಕ್ಷನ್ನಿನ ತಲೆಯ ಮೇಲೆ ಒಳಗೆ ಹೋಗುವುದು ಅಂಕಿಯೋ ಅಕ್ಷರವೋ, ಹೊರಗೆ ಬರುವುದೇನು ಎಂದು ಬರೆದಿರಬೇಕು. (ಫಂಕ್ಷನ್ ಎಂದರೆ ಮದುವೆ ಮುಂಜಿ ಅಲ್ಲ, ಪ್ರೋಗ್ರಾಮಿನ ಒಂದೊಂದು ತುಂಡು.) ಅದನ್ನು ತಾನಾಗಿ ಬರೆಯುವ ಟೂಲೊಂದನ್ನು ನಾನೇ ಹಾಕಿಕೊಟ್ಟೆ. ಪ್ರೋಗ್ರಾಂ ಓಡುವಾಗ ಅದು ನೋಡುತ್ತಾ ಕೂತು, ಕಂಡದ್ದನ್ನು ಬರೆಯುತ್ತದೆ.

ಮರುದಿನವೇ ಫೋನು. ಅರ್ಥ ಹುಡುಕುವ ಫಂಕ್ಷನ್ನಿನಿಂದ ಬರುವುದು 'ಅಕ್ಷರ ಅಥವಾ ಏನೂ ಇಲ್ಲ' ಎಂದು ಟೂಲ್ ಬರೆದಿತ್ತು. ನಿಘಂಟಿನಲ್ಲಿಲ್ಲದ ಶಬ್ದ ಹುಡುಕಿದರೆ ಏನೂ ಸಿಗುವುದಿಲ್ಲವಲ್ಲ, ಅದು ಸರಿಯೇ ಎಂದೆ. ಹಾಗಾದರೆ ತನ್ನ ನಿಘಂಟಿನಲ್ಲಿ ಏನೂ ಇಲ್ಲವೆಂದು ಊರಿಗೆಲ್ಲ ಡಂಗುರ ಹೊಡೆಯುವುದೇ ಎಂದು ಫೋನಿಟ್ಟರು. ಸಂಜೆಯೊಳಗೆ, ತಾವು ಹುಡುಕಿ ಸಿಗದಿದ್ದ ಶಬ್ದವನ್ನೂ ನಿಘಂಟಿಗೆ ಸೇರಿಸಿ ಟೂಲಿನ ಬಾಯಿ ಮುಚ್ಚಿಸಿದರು!

ಮುಂದಿನ ಫೋನು ಬಂದದ್ದು ಕಚೇರಿಯ ಮೀಟಿಂಗಿನ ನಡುವೆ. ಉಚ್ಚಾರ ಕೇಳಿಸುವ ಫಂಕ್ಷನ್ನಿನ ಮೇಲೆ ಟೂಲ್ ಏನನ್ನೂ ಬರೆದಿಲ್ಲವಂತೆ. ಓಡದ ಫಂಕ್ಷನ್ ಅದರ ಕಣ್ಣಿಗೆ ಬೀಳುವುದಿಲ್ಲ, ಆ ಗುಂಡಿಯನ್ನು ಒಮ್ಮೆ ಒತ್ತಿ ಎಂದೆ.

"ಎಲ್ಲ ಒತ್ತಿ ಆಗಿದೆ ಮಾರಾಯ. ನಿನ್ನ ಟೂಲೇ ಸರಿ ಇಲ್ಲ."

ತೆಗೆದು ಮತ್ತೆ ಹಾಕಿಸಿದೆ. ಖಾಲಿ. ಬೈಗುಳ ಟೂಲಿನಿಂದ ಕರೆಂಟಿಗೆ, ಕರೆಂಟಿನಿಂದ ಏಳನೇ ಕ್ಲಾಸಿನ ನನ್ನ ಗಣಿತದ ಅಂಕಗಳಿಗೆ ಹೋಯಿತು. ಟೂಲಿಗೂ ನನ್ನ ಅಂಕಕ್ಕೂ ಎಲ್ಲಿಯ ಸಂಬಂಧ? ಭಾನುವಾರದ ನಿದ್ದೆ ಬಿಟ್ಟು, ಹೇಳಬೇಕಾದ ನಾಲ್ಕು ಮಾತುಗಳನ್ನು ದಾರಿಯುದ್ದಕ್ಕೂ ಮಸೆಯುತ್ತಾ, ಕಡಬದ ಬಸ್ಸು ಹತ್ತಿ ಅವರ ಮನೆಗೆ ಹೋದೆ.

ಹೋದವನೇ ಒಂದೊಂದಾಗಿ ಗುಂಡಿಗಳನ್ನು ಒತ್ತಿದೆ. ಟೂಲ್ ಒಂದನ್ನೂ ಬಿಡದೆ ಬರೆಯಿತು. ಕೊನೆಗೆ ಉಚ್ಚಾರದ ಗುಂಡಿಗೆ ಕೈ ಹಾಕುವಾಗ ಚಿಕ್ಕಮ್ಮ ನನ್ನ ಕೈ ಹಿಡಿದರು.

"ಅದು ಬೇಡ."

ನನ್ನ ಸಿಟ್ಟು ಬಾಯಿಯವರೆಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

"ಅವರು ಹೋದ ಮೇಲೆ ಅದನ್ನು ಒತ್ತಲಿಲ್ಲ ಮಾರಾಯ," ಎಂದರು. "ಧೈರ್ಯ ಬರುದಿಲ್ಲ."

ಚಿಕ್ಕಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಇದು ನನಗೇಕೆ ಹೊಳೆಯಲಿಲ್ಲವೋ. ಗುಂಡಿ ಬೇಡ, ಆ ಸಾಲನ್ನು ನಾನೇ ಕೈಯಲ್ಲಿ ಬರೆಯುತ್ತೇನೆ ಎಂದೆ. ಅವರು ಬೇಡವೆಂದು ತಲೆಯಾಡಿಸಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಆ ಗುಂಡಿಯನ್ನು ತಾವೇ ಒತ್ತಿದರು.

ಚಿಕ್ಕಪ್ಪನ ದನಿ ಶಬ್ದವೊಂದನ್ನು ನಿಧಾನವಾಗಿ, ಸ್ಪಷ್ಟವಾಗಿ ಹೇಳಿತು. ಮೈಕ್ ಇನ್ನೂ ಆನ್ ಇದ್ದದ್ದು ಅವರಿಗೆ ಗೊತ್ತಿರಲಿಲ್ಲವೇನೋ, ಹಿಂದೆಯೇ, "ಸಾಕಲ್ಲ? ಇನ್ನಾದ್ರೂ ಒಂದು ಚಾ ಕೊಡ್ತೀಯಾ?" ಎಂದು ಕೇಳಿತು.

ಖಾಲಿ ಇದ್ದ ಸಾಲು ತುಂಬಿತು. ನಾನು ತೋರಿಸಿದೆ. ಚಿಕ್ಕಮ್ಮ ಅತ್ತ ನೋಡಲೇ ಇಲ್ಲ.

"ಇನ್ನೊಮ್ಮೆ ಒತ್ತುವ," ಎಂದರು. "ಟೂಲಿಗೆ ಸರಿ ಕೇಳಿರ್ಲಿಕ್ಕಿಲ್ಲ."